ಚಂಡೆ ಕೇಳಿದರೆ ಕಾಲು ಕುಣಿಯುವುದು ಯಾಕೆ?

ಪ್ರಶ್ನೆ: ಚಂಡೆಗೆ ಪೆಟ್ಟು ಬಿದ್ದ ಕೂಡಲೇ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತದೆ. ಕಿವಿಯಿಂದ ಕಾಲಿಗೆ ನೇರ ನರ ಏನಾದರೂ ಇದೆಯೇ?

ಮಳೆಗಾಲ ಮುಗಿದು ಬಯಲಲ್ಲಿ ಯಕ್ಷಗಾನದ ಆಟ ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ನೇರ ನರ ಇಲ್ಲ. ಹೋದ ವರ್ಷವೂ ಇರಲಿಲ್ಲ.

ಸದ್ದು ಮಿದುಳಕಾಂಡದ ಮೂಲಕ ಶ್ರವಣ ಪ್ರದೇಶಕ್ಕೆ ಹೋಗುತ್ತದೆ. ಅಲ್ಲಿಂದ ಚಲನೆಯ ಯೋಜನೆ ಹಾಕುವ ಮುಂಭಾಗಕ್ಕೂ ಸಂಪರ್ಕವಿದೆ. ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳು, ಹಿಂದಿರುವ ಕಿರುಮಿದುಳು ಕೂಡ ಇದರಲ್ಲಿ ಪಾಲುದಾರರು. ಸ್ಕ್ಯಾನರಿನಲ್ಲಿ ಬೆರಳೂ ಅಲ್ಲಾಡಿಸದೆ ಮಲಗಿ ಬರೀ ತಾಳ ಕೇಳಿದವರಲ್ಲೂ ಈ ಚಲನೆಯ ಭಾಗಗಳು ಚುರುಕಾಗುವುದು ಕಂಡಿದೆ.

ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಬೇರೆಯೇ ಇದೆ: ಪೆಟ್ಟು ಕೇಳಿಸಿದ ಮೇಲೆ ಕಾಲು ಅಲ್ಲಾಡುತ್ತದೆ ಅನ್ನುವುದು. ಲೆಕ್ಕ ಹಾಕಿ ಮಾರಾಯ್ರೇ! ಸದ್ದು ಕೇಳಿದೊಡನೆ ಗುಂಡಿ ಒತ್ತಿ ಅಂದರೆ ಚುರುಕಾದವರಿಗೂ ಸುಮಾರು 150 ಮಿಲಿಸೆಕೆಂಡ್ ಬೇಕು. ವೇಷಧಾರಿ ಪ್ರತಿ ಪೆಟ್ಟನ್ನೂ ಕಾದು ಹೆಜ್ಜೆ ಇಟ್ಟರೆ ಗೆಜ್ಜೆ ಉದ್ದಕ್ಕೂ ಚಂಡೆಯ ಹಿಂದೆಯೇ ಬೀಳಬೇಕಿತ್ತು. ಹಾಗೆ ಕುಣಿದವರನ್ನು ಭಾಗವತರು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಸುಮ್ಮನೆ ಬಿಡುತ್ತಾರೆಯೇ? ತಾಳಕ್ಕೆ ಬೆರಳು ಬಡಿಯಿರಿ ಎಂದು ಜನರಿಗೆ ಹೇಳಿ ಅಳೆದರೆ, ಬಹಳ ಮಂದಿಯ ಬೆರಳು ಸದ್ದಿಗಿಂತ ಹತ್ತಾರು ಮಿಲಿಸೆಕೆಂಡ್ ಮೊದಲೇ ಬಿದ್ದಿರುತ್ತದೆ. ಅಂದರೆ ಮುಂದಿನ ಪೆಟ್ಟು ಯಾವಾಗ ಬರುತ್ತದೆಂದು ಮಿದುಳು ಮೊದಲೇ ಲೆಕ್ಕ ಹಾಕಿ ಅಪ್ಪಣೆ ಕಳಿಸಿರುತ್ತದೆ.

ನಂಬಿಕೆ ಬಾರದಿದ್ದರೆ ಮನೆಯ ಮಗುವಿಗೆ ಒಂದೇ ಲಯದಲ್ಲಿ ತಟ್ಟೆ ಬಡಿಯಲು ಹೇಳಿ, ನೀವು ಕಾಲು ಕುಟ್ಟುತ್ತಿರಿ. ಹೇಳದೆ ಕೇಳದೆ ಮಗು ಒಂದು ಪೆಟ್ಟು ತಪ್ಪಿಸಲಿ. ಕೇಳದ ಆ ಪೆಟ್ಟಿಗೂ ನಿಮ್ಮ ಕಾಲು ಬಿದ್ದಿರುತ್ತದೆ. ಪೆಟ್ಟುಗಳ ನಡುವಿನ ಅಂತರ ಎರಡು ಸೆಕೆಂಡ್ ದಾಟಿದರೆ ಈ ಅಂದಾಜು ಕೈಕೊಡುತ್ತದೆ. ಆಗ ನಿಜವಾಗಿಯೂ ಕೇಳಿ ಆಮೇಲೆ ಕುಟ್ಟುತ್ತೀರಿ, ತಡವಾಗುತ್ತದೆ.

'ಗರ್ನಾಲು ಸಿಡಿದರೆ ಬೆಚ್ಚಿಬೀಳುವುದಿಲ್ಲವೇ?' ಎಂದು ಜಗಳಕ್ಕೆ ಬರುವವರಿದ್ದಾರೆ. ಅದು ಮಿದುಳಕಾಂಡದಲ್ಲೇ ಮುಗಿಯುವ ಪ್ರತಿವರ್ತನೆ, ತಾಳವಲ್ಲ. ಬೆಚ್ಚಿಬಿದ್ದು ಯಾರೂ ಝಂಪೆ ತಾಳಕ್ಕೆ ಕುಣಿದದ್ದಿಲ್ಲ.

ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ. ಪಾರ್ಕಿನ್ಸನ್ ಕಾಯಿಲೆ ಇದ್ದವರಲ್ಲಿ ಬೇಸಲ್ ಗ್ಯಾಂಗ್ಲಿಯಾದ ಕೆಲಸ ಕುಂದುತ್ತದೆ. ಹೊಸಿಲ ಮುಂದೆ ಬಂದಾಗ ಕೆಲವರ ಪಾದ ನೆಲಕ್ಕೆ ಅಂಟಿದಂತಾಗಿ ನಿಂತೇಬಿಡುತ್ತಾರೆ. ಹೊರಗಿನಿಂದ 'ಟಕ್ ಟಕ್' ಎಂದು ಒಂದೇ ಲಯ ಕೇಳಿಸಿದರೆ ಹಲವರಿಗೆ ಹೆಜ್ಜೆ ಮತ್ತೆ ಏಳುತ್ತದೆ, ಹೆಜ್ಜೆಯ ಉದ್ದವೂ ಹೆಚ್ಚುತ್ತದೆ. 1990ರ ದಶಕದಿಂದ ಇದನ್ನು ನಡಿಗೆಯ ಚಿಕಿತ್ಸೆಯಲ್ಲಿ ಬಳಸುತ್ತಿದ್ದಾರೆ. ಮೊಬೈಲಿನಲ್ಲಿ ಒಂದೇ ಲಯ ಹಾಕುವ ಮೆಟ್ರೊನೋಮ್ ಆದರೂ ಆದೀತು, ಆದರೆ ವೇಗ ಎಷ್ಟಿರಬೇಕೆಂದು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ. ಉಮೇದಿನಲ್ಲಿ ಏರುಪದ್ಯದ ಜೋರು ಗತಿ ಹಾಕಿ ಅಜ್ಜನನ್ನು ಬೀಳಿಸಬೇಡಿ.