ದೇಣಿಗೆ ಬೇಡ ಎಂದ ಕೊರಿಯಾದ ಅಜ್ಜಿಯರು

1991ರ ಆಗಸ್ಟ್ 14. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 66 ವರ್ಷದ ಕಿಮ್ ಹಾಕ್-ಸುನ್ ಪತ್ರಕರ್ತರ ಮುಂದೆ ಬಂದು ಕೂತರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಇನ್ನೂ ಹದಿಹರೆಯದ ತಮ್ಮನ್ನು ಜಪಾನಿ ಸೇನೆ ಕೂಡಿಹಾಕಿ ಸೈನಿಕರ ಲೈಂಗಿಕ ಗುಲಾಮಳನ್ನಾಗಿ ಮಾಡಿತು ಅಂತ ಸ್ವಂತ ಹೆಸರಿನಲ್ಲೇ ಹೇಳಿದರು. ಅವರಂತೆ ನೊಂದ ಕೊರಿಯಾದ ಹೆಣ್ಣುಮಕ್ಕಳು ಇನ್ನೂ ಅನೇಕರಿದ್ದರು. ಅದಕ್ಕೆ ಒಂದು ವರ್ಷ ಹಿಂದಷ್ಟೇ ಜಪಾನ್ ಸರ್ಕಾರ, ಅದೆಲ್ಲ ಖಾಸಗಿಯವರು ಮಾಡಿದ್ದು ಎಂದು ಕೈತೊಳೆದುಕೊಂಡಿತ್ತು.

ಆದರೆ 1992ರ ಜನವರಿಯಲ್ಲಿ ಇತಿಹಾಸಕಾರ ಯೋಶಿಮಿ ಯೋಶಿಯಾಕಿ ಜಪಾನಿನ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಸಿಕ್ಕ ಸೇನಾ ಕಡತಗಳನ್ನು ಬಹಿರಂಗಪಡಿಸಿದರು. ಮರುವರ್ಷ ಸರ್ಕಾರ ಸೇನೆಯ ಪಾತ್ರ ಒಪ್ಪಿಕೊಂಡು ಕ್ಷಮೆ ಕೇಳಿತು. ಪರಿಹಾರದ ಮಾತು ಬಂದಾಗ ಮಾತ್ರ 1965ರ ಒಪ್ಪಂದವನ್ನು ಮುಂದಿಟ್ಟಿತು. ಆಗ ಜಪಾನ್ ದಕ್ಷಿಣ ಕೊರಿಯಾಕ್ಕೆ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಕೊರಿಯಾವನ್ನು ತಾನು ಆಳಿದ ಕಾಲದ ಲೆಕ್ಕ ಅಲ್ಲಿಗೆ ಚುಕ್ತಾ ಅನ್ನುವುದು ಜಪಾನಿನ ವಾದ. ಆ ಮಾತುಕತೆಯಲ್ಲಿ ಈ ಹೆಣ್ಣುಮಕ್ಕಳ ಸಂಕಟದ ಪ್ರಸ್ತಾಪವೇ ಇರಲಿಲ್ಲ. ಯಾರೂ ಎತ್ತದ ವಿಷಯ ಇತ್ಯರ್ಥ ಆಗುವುದಾದರೂ ಹೇಗೆ?

1995ರಲ್ಲಿ ನೊಂದ ಮಹಿಳೆಯರಿಗಾಗಿ ಜಪಾನಿನಲ್ಲಿ ಏಷ್ಯನ್ ಮಹಿಳಾ ನಿಧಿ ಶುರುವಾಯಿತು. ಒಬ್ಬೊಬ್ಬರಿಗೆ 20 ಲಕ್ಷ ಯೆನ್, ಜೊತೆಗೆ ಪ್ರಧಾನಿಯ ಕ್ಷಮಾಪಣೆ ಪತ್ರ. ಚಿಕಿತ್ಸೆಯ ನೆರವು ಸರ್ಕಾರದ್ದು, ಆದರೆ ಆ 20 ಲಕ್ಷ ಜಪಾನಿನ ಜನರಿಂದ ಎತ್ತಿದ ದೇಣಿಗೆ. ಕೊಟ್ಟ ಜನ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ಅದರಲ್ಲಿ ಅನುಮಾನವಿಲ್ಲ. ಆದರೆ ತಪ್ಪು ಮಾಡಿದ್ದು ಸೇನೆ. ಕಾನೂನಿನ ಹೊಣೆ ಹೊರದೆ ಕೊಟ್ಟರೆ ಅದು ಭಿಕ್ಷೆ ಆಗುತ್ತದೆ, ಅಲ್ವಾ? ಕೊರಿಯಾದ ಹೆಚ್ಚಿನ ಅಜ್ಜಿಯರು ಬೇಡ ಎಂದರು. ಅವರಲ್ಲಿ ಜಾಸ್ತಿ ಜನ ಬಡವರು, ಕಾಯಿಲೆಯವರು.

1992ರ ಜನವರಿಯಿಂದ ಪ್ರತಿ ಬುಧವಾರ ಸೋಲ್‌ನ ಜಪಾನಿ ರಾಯಭಾರ ಕಚೇರಿ ಎದುರು ಪ್ರತಿಭಟನೆ ನಡೆಯುತ್ತಿತ್ತು. 2011ರ ಡಿಸೆಂಬರಿನಲ್ಲಿ ಸಾವಿರನೇ ಬುಧವಾರ ಅಲ್ಲೊಂದು ಕಂಚಿನ ಪ್ರತಿಮೆ ನಿಂತಿತು. ಕುರ್ಚಿಯಲ್ಲಿ ಕೂತ ಹುಡುಗಿ, ಬಿಗಿಹಿಡಿದ ಮುಷ್ಟಿ, ಬರಿಗಾಲು. ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗಿಲ್ಲ. ಪಕ್ಕದಲ್ಲೊಂದು ಖಾಲಿ ಕುರ್ಚಿ.

2015ರ ಡಿಸೆಂಬರ್ 28ರಂದು ಎರಡು ಸರ್ಕಾರಗಳು ಮತ್ತೆ ಒಪ್ಪಂದ ಮಾಡಿಕೊಂಡವು. ಈ ಸಲ ಜಪಾನಿನ ಬೊಕ್ಕಸದಿಂದಲೇ 100 ಕೋಟಿ ಯೆನ್. ಬದುಕಿದ್ದವರಲ್ಲಿ ಹೆಚ್ಚಿನವರು ಹಣ ತೆಗೆದುಕೊಂಡರು. ಆ ವಯಸ್ಸಿನಲ್ಲಿ ತೆಗೆದುಕೊಂಡವರನ್ನು ಯಾರೂ ಆಡಿಕೊಳ್ಳಬಾರದು. ನನಗೆ ಸಿಟ್ಟು ಬರುವುದು ಒಪ್ಪಂದ ಆದ ರೀತಿಗೆ. ಇನ್ನು ಮುಂದೆ ಈ ವಿಷಯ ಎತ್ತುವಂತಿಲ್ಲ ಅಂತ ಮುಚ್ಚಿಹಾಕುವಾಗ, ನೊಂದವರನ್ನು ಸರಿಯಾಗಿ ಕೇಳಲೇ ಇಲ್ಲ. ಎರಡು ವರ್ಷದ ನಂತರ ಕೊರಿಯಾ ಸರ್ಕಾರವೇ ನೇಮಿಸಿದ ತಂಡವೂ ಇದನ್ನೇ ಹೇಳಿತು. ಹಣ ಹಂಚಲು ಕಟ್ಟಿದ ಸಂಸ್ಥೆಯನ್ನು ಮುಚ್ಚುವುದಾಗಿ 2018ರಲ್ಲಿ ಸರ್ಕಾರ ಪ್ರಕಟಿಸಿತು.

ಆಮೇಲೆ ಕೋರ್ಟ್ ದಾರಿ. 2021ರ ಜನವರಿಯಲ್ಲಿ ಸೋಲ್ ನ್ಯಾಯಾಲಯ, 12 ಮಹಿಳೆಯರಿಗೆ ತಲಾ 10 ಕೋಟಿ ವೊನ್ ಕೊಡಬೇಕೆಂದು ಜಪಾನಿಗೆ ಹೇಳಿತು. ಅಂಥದ್ದೇ ಇನ್ನೊಂದು ಮೊಕದ್ದಮೆ ಏಪ್ರಿಲ್‌ನಲ್ಲಿ ವಜಾ ಆಯಿತು. 2023ರ ನವೆಂಬರಿನಲ್ಲಿ ಸೋಲ್ ಹೈಕೋರ್ಟ್ ಆ ತೀರ್ಪನ್ನು ತಿರುವಿ, ತಲಾ 20 ಕೋಟಿ ವೊನ್ ಎಂದಿತು. ಒಂದು ದೇಶವನ್ನು ಇನ್ನೊಂದು ದೇಶದ ಕೋರ್ಟು ವಿಚಾರಿಸುವಂತಿಲ್ಲ ಎಂದು ಜಪಾನ್ ಎರಡೂ ತೀರ್ಪುಗಳನ್ನು ತಳ್ಳಿಹಾಕಿದೆ. ಸುಮಾರು 240 ಮಂದಿ ಕೊರಿಯಾ ಸರ್ಕಾರದಲ್ಲಿ ಹೆಸರು ನೋಂದಾಯಿಸಿದ್ದರು. ಈಗ ಉಳಿದಿರುವವರು ಹತ್ತಕ್ಕಿಂತ ಕಡಿಮೆ.