ಓದುಗರ ಪ್ರಶ್ನೆ: ನಸುಕಿನ ನಾಲ್ಕಕ್ಕೆ ಎದ್ದು ಓದಲೇಬೇಕೇನ್ರಿ?

ಪ್ರಶ್ನೆ: "ಸರ್, ನಾ ಬಿ.ಎ. ಮೂರನೇ ಸೆಮಿಸ್ಟರ್‌ನಾಗ ಇದ್ದೀನ್ರಿ. ಕಲಬುರಗ್ಯಾಗ ರೂಮ್ ಮಾಡೀನಿ. ನಸುಕಿನ್ಯಾಗ ನಾಲ್ಕಕ್ಕ ಎದ್ದು ಓದಿದ್ರ ತಲೀಗಿ ಹತ್ತತದ ಅಂತಾರ. ಎದ್ದು ಕುಂತ್ರ ತೂಕಡಿಕಿ ಬರ್ತದ. ಯಾವಾಗ ಓದಬೇಕು, ದಿನಕ್ಕ ಎಷ್ಟು ತಾಸು ಓದಬೇಕು ಹೇಳ್ರಿ."

ಉತ್ತರ: ಪ್ರತಿ ಸೆಮಿಸ್ಟರ್‌ಗೆ ಇದೇ ಪ್ರಶ್ನೆ. ಕೇಳುವವರ ಊರು ಒಮ್ಮೆ ಚಿಂಚೋಳಿ, ಒಮ್ಮೆ ಶಹಾಪುರ, ಒಮ್ಮೆ ಭಾಲ್ಕಿ. ನಾಲ್ಕು ಗಂಟೆ ಮಾತ್ರ ಅಲುಗಾಡುವುದಿಲ್ಲ.

ತೂಕಡಿಕೆ ಬಂದರೆ ಮಲಗು ತಮ್ಮಾ. ಚಿಕ್ಕ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, "ನಮ್ಮ ಮುತ್ಯಾ ದಿನಾ ನಾಲ್ಕಕ್ಕ ಏಳ್ತಿದ್ದ" ಎಂದು ವಾದಕ್ಕೆ ನಿಲ್ಲುತ್ತಾರೆ. ಏಳುತ್ತಿದ್ದದ್ದು ನಿಜ. ಮಲಗುತ್ತಿದ್ದದ್ದು ಎಷ್ಟಕ್ಕೆ? ಎಂಟಕ್ಕೆ. ಕಂದೀಲಿನ ಎಣ್ಣೆ ಉಳಿಸಬೇಕಿತ್ತು, ಎದ್ದು ಎತ್ತಿಗೆ ಮೇವು ಹಾಕಬೇಕಿತ್ತು, ಬಿಸಿಲೇರುವ ಮೊದಲು ಹೊಲದ ಕೆಲಸ ಅರ್ಧವಾದರೂ ಮುಗಿಯಬೇಕಿತ್ತು. ನಿನ್ನ ರೂಮಿನಲ್ಲಿ ಎಂಟಕ್ಕೆ ಕುಕ್ಕರ್ ಇನ್ನೂ ಒಲೆಯ ಮೇಲೆ ಏರಿರುವುದಿಲ್ಲ. ಉಂಡು, ಹರಟಿ, ಹನ್ನೆರಡರ ತನಕ ರೀಲ್ಸ್ ನೋಡಿ ನಾಲ್ಕಕ್ಕೆ ಅಲಾರಂ ಇಟ್ಟರೆ ಮುತ್ಯಾನಿಂದ ನೀನು ಕಲಿತದ್ದು ಅರ್ಧ ಮಾತ್ರ, ಅದೂ ಕೆಡುವ ಅರ್ಧ.

ಇನ್ನು ಬ್ರಾಹ್ಮೀ ಮುಹೂರ್ತದ ಮಾತು. ಅದನ್ನೂ ಲೆಕ್ಕ ಹಾಕಿಯೇ ಬಿಡೋಣ. ಒಂದು ಮುಹೂರ್ತಕ್ಕೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುವುದು ಬ್ರಾಹ್ಮೀ ಮುಹೂರ್ತ. ಜನವರಿಯಲ್ಲಿ ಕಲಬುರಗಿಯಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು. ಅಂದರೆ ಮುಹೂರ್ತ ಬರುವುದೇ ಐದೂಕಾಲರ ಹೊತ್ತಿಗೆ. ಆಗ ನಾಲ್ಕಕ್ಕೆ ಎದ್ದು ಕೂತವನಿಗೆ ವಿಜ್ಞಾನವೂ ಇಲ್ಲ, ಶಾಸ್ತ್ರವೂ ಇಲ್ಲ!

ವಯಸ್ಸಿನದ್ದೂ ಒಂದು ಪಾಲಿದೆ. ಹದಿಹರೆಯದಲ್ಲಿ ದೇಹದ ಗಡಿಯಾರ ವರ್ಷದಿಂದ ವರ್ಷಕ್ಕೆ ತಡವಾಗುತ್ತ ಹೋಗುತ್ತದೆ, ಇಪ್ಪತ್ತರ ಸುಮಾರಿಗೆ ಅತಿ ತಡಕ್ಕೆ ಮುಟ್ಟುತ್ತದೆ, ಆಮೇಲೆ ನಿಧಾನವಾಗಿ ಬೇಗದ ಕಡೆ ಹೊರಳುತ್ತದೆ. ದೇಹದ ಗಡಿಯಾರದ ಸಂಶೋಧಕ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲೇ ಇದನ್ನು ತೋರಿಸಿದ್ದಾರೆ. ಅರವತ್ತರ ಮುತ್ಯಾಗೆ ನಾಲ್ಕಕ್ಕೆ ತಾನಾಗಿ ಎಚ್ಚರವಾಗುವುದೂ ಇಪ್ಪತ್ತರ ಮೊಮ್ಮಗನಿಗೆ ಏಳಕ್ಕೂ ಕಣ್ಣು ಬಿಡಲಾಗದಿರುವುದೂ ಒಂದೇ ಗಡಿಯಾರದ ಆಟ. ಅದನ್ನು ಸೋಮಾರಿತನ ಎಂದು ಬೈಯುವ ಮುಂಚೆ ಮನೆಯವರು ಸ್ವಲ್ಪ ತಡೆಯಬೇಕು. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಾಲ್ಕು ತಾಸು ಮಲಗಿ ನಾಲ್ಕು ತಾಸು ಓದುವವನು ನಿನ್ನೆ ಓದಿದ್ದನ್ನು ಅಳಿಸಿ ಇವತ್ತಿನದನ್ನು ಬರೆಯುತ್ತಿರುತ್ತಾನೆ.

ಹಾಗಾದರೆ ಇಷ್ಟು ಜನ ಈ ನಾಲ್ಕು ಗಂಟೆಯನ್ನು ಯಾಕೆ ನಂಬುತ್ತಾರೆ? ಪರೀಕ್ಷೆಯ ದಿನ ನಸುಕಿನಲ್ಲಿ ಓದಿದ ಪ್ರಶ್ನೆ ಹತ್ತು ಗಂಟೆಗೆ ಪೇಪರಿನಲ್ಲಿ ಕಂಡಿತು, ಬರೆದು ಬಂದರು, ಶ್ರೇಯಸ್ಸು ನಾಲ್ಕು ಗಂಟೆಗೆ ಹೋಯಿತು. ಆರು ತಾಸಿನ ಹಿಂದೆ ಓದಿದ್ದು ನೆನಪಿರದೆ ಇನ್ನೇನು? ಅದೇ ಪ್ರಶ್ನೆಯನ್ನು ಹದಿನೈದು ದಿನ ಬಿಟ್ಟು ಕೇಳಿ ನೋಡಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಅವರಿಗೆ ನೂರಕ್ಕೆ 81, ಬರೆದವರಿಗೆ 75. ವಾರದ ಬಳಿಕ ಕೇಳಿದಾಗ ಲೆಕ್ಕ ತಿರುಗಿತು: ಮತ್ತೆ ಓದಿದವರಿಗೆ ನೂರಕ್ಕೆ 42, ಬರೆದವರಿಗೆ 56.

ಆದ್ದರಿಂದ ಯಾವಾಗ ಓದಬೇಕು ಎಂದು ಕೇಳುವುದಕ್ಕಿಂತ, ಓದುವಾಗ ಏನು ಮಾಡುತ್ತಿದ್ದೀರಿ ಎಂದು ಕೇಳಿಕೊಳ್ಳಿ. ಮೊನ್ನೆ ಒಬ್ಬ ಹುಡುಗ ಇತಿಹಾಸದ ಪುಸ್ತಕ ತಂದು ತೋರಿಸಿದ. ಬಹಮನಿಗಳ ಪಾಠ, ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಹಳದಿ ಹೈಲೈಟರ್. "ಮೂರು ಸಲ ಓದೀನ್ರಿ ಸರ್." ಪುಸ್ತಕ ಮುಚ್ಚಿಸಿ, ರಾಜಧಾನಿ ಕಲಬುರಗಿಯಿಂದ ಬೀದರಿಗೆ ಯಾಕೆ ಹೋಯಿತು, ಒಯ್ದವನು ಯಾರು ಎಂದು ಕೇಳಿದೆ. ಫ್ಯಾನು ನೋಡಿದ. ಕಲಬುರಗಿ ಕೋಟೆ ಅವನ ರೂಮಿನಿಂದ ಆಟೋದಲ್ಲಿ ಹತ್ತು ನಿಮಿಷ! ಖಾಲಿ ಹಾಳೆ ಕೊಟ್ಟು, ತಪ್ಪಾದರೂ ಸರಿ ಬರೆ ಎಂದೆ. ನಾಲ್ಕು ಸಾಲು ಬರೆದ, ಅದರಲ್ಲಿ ಎರಡು ತಪ್ಪು. ಪುಸ್ತಕ ತೆರೆದು ತಾನೇ ತಿದ್ದಿಕೊಂಡ. ರಾಜಧಾನಿ ಒಯ್ದ ಅಹ್ಮದ್ ಷಾನನ್ನು ಇನ್ನು ಸುಲಭಕ್ಕೆ ಮರೆಯುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಎಷ್ಟು ತಾಸು ಎಂಬುದಕ್ಕೆ ನಾನು ಅಂಕಿ ಕೊಡುವುದಿಲ್ಲ. ಪಾಠ ಕೇಳಿದ ದಿನವೇ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಹೀಗೆ ಪುಸ್ತಕ ಮುಚ್ಚಿ ಬರೆದರೆ ಸಾಕು, ಪ್ರತಿ ಸಲ ಅರ್ಧ ತಾಸೂ ಹಿಡಿಯುವುದಿಲ್ಲ. ಜೇವರ್ಗಿ, ಆಳಂದದಿಂದ ದಿನಾ ಅಪ್-ಡೌನ್ ಮಾಡುವವರು "ನಮಗ ಟೈಮೇ ಸಿಗಂಗಿಲ್ರಿ" ಎನ್ನುತ್ತಾರೆ. ಬಸ್ಸಿನಲ್ಲಿ ನಿಂತು ಬರುವವರಿಗೆ ಪುಸ್ತಕ ತೆರೆಯಿರಿ ಎಂದರೆ ತಪ್ಪಾಗುತ್ತದೆ. ಆದರೆ ಇವತ್ತು ಮೊದಲ ಪಿರಿಯಡ್‌ನಲ್ಲಿ ಏನು ಹೇಳಿದರು ಎಂದು ನೆನಪಿಸಿಕೊಳ್ಳಲು ಸೀಟು ಬೇಕಿಲ್ಲ. ನೆನಪಾಗದ್ದು ಯಾವುದೋ ಅದನ್ನೇ ಮನೆಗೆ ಹೋಗಿ ತೆರೆಯುವುದು.

ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುವವರಿಗೆ ಒಂದು ಮಾತು. 1994ರಲ್ಲಿ ಮನೋವಿಜ್ಞಾನಿ ಬ್ಯೂಲರ್ ಮತ್ತು ಸಂಗಡಿಗರು, ಪದವಿಯ ಸಂಶೋಧನಾ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ 34 ದಿನ ಎಂದರು, ತೆಗೆದುಕೊಂಡದ್ದು 55ಕ್ಕೂ ಮೇಲೆ. ಹಾಗಾಗಿ ನೀವು ಎರಡು ತಾಸು ಎಂದದ್ದಕ್ಕೆ ಮೂರು ತಾಸು ಹಿಡಿಯಿರಿ, ವಾರದಲ್ಲಿ ಒಂದು ಸಂಜೆ ಖಾಲಿ ಬಿಡಿ. ಉಳಿದದ್ದು ಅಲ್ಲಿಗೆ ಹೋಗುತ್ತದೆ.

ಬೇಸಿಗೆಗೆ ಮಾತ್ರ ರಿಯಾಯಿತಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಪತ್ರಾಸಿನ ಕೆಳಗೆ ಕೂತು ಓದಲು ಯಾರಿಂದಲೂ ಆಗದು. ಆಗ ಐದೂವರೆಗೆ ಏಳಿ, ತಂಪಿನಲ್ಲಿ ಓದಿ. ಹತ್ತಕ್ಕೆ ಮಲಗಿದ್ದರೆ ಮಾತ್ರ.

ಇನ್ನೊಂದನ್ನು ಯಾರೂ ಕೇಳಿಲ್ಲ, ಆದರೆ ಎಲ್ಲರೂ ಮಾಡುತ್ತಾರೆ: ಶನಿವಾರ ಊರಿಗೆ ಹೋಗುವುದು. "ಊರಿಗಿ ಹೋದ್ರ ಓದು ಕೆಡ್ತದ" ಎಂದು ಕೆಲವು ಮೇಷ್ಟ್ರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಅವ್ವ ಕಟ್ಟಿಕೊಡುವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ವಾರಪೂರ್ತಿ ಒಂದು ಹೊತ್ತಿನ ಅಡುಗೆ ತಪ್ಪುತ್ತದೆ, ಅದೂ ಸಮಯವೇ. ಕೆಡಿಸುವುದು ಬೇರೆ. ನಾಲ್ಕು ಪುಸ್ತಕ ಹೊತ್ತುಕೊಂಡು ಹೋಗಿ, ಒಂದನ್ನೂ ತೆರೆಯದೆ, ಎರಡು ದಿನ ತಪ್ಪು ಮಾಡಿದವರ ಹಾಗೆ ಕೂತು, ಭಾನುವಾರ ರಾತ್ರಿ ಸಿಟ್ಟಿನಲ್ಲಿ ವಾಪಸ್ ಬರುವುದು. ಪುಸ್ತಕ ರೂಮಿನಲ್ಲೇ ಬಿಡಿ. ಖಾಲಿ ಹಾಳೆ ಎರಡು, ಪೆನ್ನು ಒಂದು ಒಯ್ಯಿರಿ. ಭಾನುವಾರ ಉಂಡ ಮೇಲೆ ಆ ವಾರದ್ದು ನೆನಪಿದ್ದಷ್ಟು ಬರೆಯಿರಿ, ಆಮೇಲೆ ಜಾತ್ರೆ ಇದ್ದರೆ ಜಾತ್ರೆಗೆ ಹೋಗಿ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ ಎನ್ನುವವರು ಮೊದಲ ಪಿರಿಯಡ್ ಎಷ್ಟಕ್ಕಿದೆ ನೋಡಿಕೊಂಡು ಹೊರಡಿ. ಹಾಜರಿ ಕಡಿಮೆಯಾಯಿತು ಎಂದು ಆಮೇಲೆ ನನಗೆ ಬರೆಯಬೇಡಿ.