ಖೋ ಜನರಲ್ಲಿ ನಮಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ?

ಪ್ರಶ್ನೆ: ಪಾಕಿಸ್ತಾನದ ಜನಾಂಗಗಳ ಬಗ್ಗೆ ಓದುವಾಗ 'ಖೋ' ಎಂಬ ಹೆಸರು ಸಿಕ್ಕಿತು. ಇವರು ಯಾರು? ಇವರಲ್ಲಿ ಹೆಸರು ಮಾಡಿದವರು ಯಾರು?

ಉತ್ತರ: ಖೊಖೊ ಆಟಕ್ಕೂ ಇವರಿಗೂ ಸಂಬಂಧವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ! ಪಾಕಿಸ್ತಾನದ ವಾಯವ್ಯ ತುದಿಯಲ್ಲಿ, ಹಿಂದೂಕುಶ್ ಬೆಟ್ಟಗಳ ಸಂದಿಯಲ್ಲಿ ಚಿತ್ರಾಲ್ ಎಂಬ ಕಣಿವೆಸೀಮೆ ಇದೆ. ಅಲ್ಲಿ ಹೆಚ್ಚಿನವರು ಖೋ ಜನ. ಅವರಾಡುವ ನುಡಿ ಖೋವಾರ್, ಅಂದರೆ ಖೋಗಳ ಮಾತು. ಕಾಶ್ಮೀರಿಯ ದೂರದ ನೆಂಟ ಎನ್ನಬಹುದು. 2017ರಲ್ಲಿ ಲೋವಾರಿ ಸುರಂಗ ತೆರೆಯುವವರೆಗೂ ಚಳಿಗಾಲದ ಹಿಮಕ್ಕೆ ದಾರಿ ಮುಚ್ಚಿಹೋಗಿ, ಊರಿಗೆ ಊರೇ ಹೊರಜಗತ್ತಿಗೆ ಸಿಗುತ್ತಿರಲಿಲ್ಲ. ಇವರ ಹೆಸರುಗಳು ನಮ್ಮ ಕಿವಿಗೆ ಬೀಳದಿರುವುದಕ್ಕೆ ಅದೂ ಒಂದು ಕಾರಣ.

ಹಾಗಿದ್ದೂ ಅಲ್ಲಿಯ ಒಬ್ಬ ರಾಜಕುಮಾರನ ಮೇಲೆ ನಮ್ಮ ಕೆಂಪುಕೋಟೆಯಲ್ಲೇ ವಿಚಾರಣೆ ನಡೆಯಿತು.

ಚಿತ್ರಾಲಿನ ಅರಸನನ್ನು 'ಮೆಹ್ತರ್' ಎನ್ನುತ್ತಿದ್ದರು. ಅಮಾನ್ ಉಲ್ ಮುಲ್ಕ್ 1857ರಿಂದ 35 ವರ್ಷ ಆಳಿ, 1892ರಲ್ಲಿ ತೀರಿಕೊಂಡದ್ದೇ ತಡ, ಮನೆಯೊಳಗೇ ಕತ್ತಿ ಹಿರಿದರು. ಮಗ ಅಫ್ಜಲ್ ಪಟ್ಟಕ್ಕೆ ಬಂದ; ಚಿಕ್ಕಪ್ಪ ಶೇರ್ ಅಫ್ಜಲ್ ಅವನನ್ನು ಕೊಲ್ಲಿಸಿದ. ಇನ್ನೊಬ್ಬ ಮಗ ನಿಜಾಮ್ ಆ ಚಿಕ್ಕಪ್ಪನನ್ನು ಓಡಿಸಿ ಗದ್ದುಗೆ ಹಿಡಿದ. 1895ರ ಜನವರಿ 1ರಂದು ಬೇಟೆಗೆ ಹೋದಾಗ ಮಲತಮ್ಮನ ಕಡೆಯವರ ಗುಂಡಿಗೆ ಬಲಿಯಾದ. ಈ ಗದ್ದಲದಲ್ಲಿ ಬ್ರಿಟಿಷರು ಷುಜಾ ಉಲ್ ಮುಲ್ಕ್ ಎಂಬ ಹುಡುಗನನ್ನು ಪಟ್ಟಕ್ಕೆ ಕೂರಿಸಿದರು. ಅವನ ಸಮೇತ ಕೋಟೆಯೊಳಗೆ ಸಿಕ್ಕಿಬಿದ್ದು ಮಾರ್ಚ್, ಏಪ್ರಿಲ್‌ನಲ್ಲಿ ಸುಮಾರು ಏಳು ವಾರ ಮುತ್ತಿಗೆಯನ್ನೂ ತಾಳಿಕೊಂಡರು. ಆ ಹುಡುಗ 1936ರವರೆಗೆ ಆಳಿದ. ಆಗಿನ ಇಂಗ್ಲಿಷ್ ಪುಸ್ತಕಗಳು ಈ ಮುತ್ತಿಗೆಯನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ನನಗೆ ಅವನ ಮಕ್ಕಳ ಕಥೆಯೇ ಹೆಚ್ಚು ಕುತೂಹಲದ್ದು.

ಒಬ್ಬ ಮಗ ಬುರ್ಹಾನುದ್ದೀನ್. ಬಲೂಚ್ ರೆಜಿಮೆಂಟಿನ ಕ್ಯಾಪ್ಟನ್ ಆಗಿದ್ದವರು ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ಷಾನವಾಜ್, ಸೆಹಗಲ್, ಧಿಲ್ಲೋನ್ ಅವರ ಮೊಕದ್ದಮೆ ನಮಗೆಲ್ಲ ಬಾಯಿಪಾಠ. ಆಮೇಲೆ ಅದೇ ಕೆಂಪುಕೋಟೆಯಲ್ಲಿ ನಿಂತವರಲ್ಲಿ ಇವರೂ ಒಬ್ಬರು. ಇನ್ನೊಬ್ಬ ಮಗ ಮತಾ ಉಲ್ ಮುಲ್ಕ್ ಕೂಡ ಅದೇ ಫೌಜಿನಲ್ಲಿದ್ದವರು. 1948ರ ಕಾಶ್ಮೀರ ಯುದ್ಧದಲ್ಲಿ ಅವರು ಪಾಕಿಸ್ತಾನದ ಕಡೆಯಿಂದ, ಚಿತ್ರಾಲಿನ ಪಡೆಯೊಂದಿಗೆ ಬಾಲ್ಟಿಸ್ತಾನದ ಸ್ಕರ್ದು ಕೋಟೆಯ ಎದುರು ನಿಂತಿದ್ದರು. ಕೋಟೆಯೊಳಗೆ ಭಾರತದ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ. ತಿಂಗಳುಗಟ್ಟಲೆ ತಡೆದು ನಿಂತು, ಕಾಳು ಗುಂಡು ಎರಡೂ ಮುಗಿದ ಮೇಲೆ ಆಗಸ್ಟ್ 14ರಂದು ಥಾಪಾ ಶರಣಾದರು. ಅದರ ಬೆನ್ನಿಗೇ ನಡೆದ ಸೆರೆಯಾಳುಗಳ ಹತ್ಯೆ ಇಂದಿಗೂ ಕಹಿ ನೆನಪು. ನೇತಾಜಿಯ ಸೈನ್ಯದಲ್ಲಿದ್ದವರು ಮೂರೇ ವರ್ಷದಲ್ಲಿ ಗಡಿಯ ಆಚೆಯವರಾಗಿದ್ದರು.

ಇವರ ಅಣ್ಣ ನಾಸಿರ್ ಉಲ್ ಮುಲ್ಕ್ (ಆಳ್ವಿಕೆ 1936–43) ಓದುಬರಹದ ಮನುಷ್ಯ, ಪರ್ಷಿಯನ್ ಕವಿ. ಚಿತ್ರಾಲಿನ ಇತಿಹಾಸ ಬರೆದ ಮಿರ್ಜಾ ಘುಫ್ರಾನ್ ಕೂಡ ಆರಿಸಿಕೊಂಡದ್ದು ಪರ್ಷಿಯನ್ನೇ. ಆಸ್ಥಾನದ ಭಾಷೆ ಅದಾಗಿತ್ತು. ಖೋವಾರ್ ಬಾಯಲ್ಲಿ ಬದುಕಿತ್ತು.

ಹಾಗಾಗಿಯೇ ಚಿತ್ರಾಲಿನವರನ್ನು ಕೇಳಿದರೆ ರಾಜರಿಗಿಂತ ಮೊದಲು ಬರುವ ಹೆಸರು ಮಿರ್ಜಾ ಮುಹಮ್ಮದ್ ಸಿಯಾರ್. 'ಬಾಬಾ ಸಿಯಾರ್' ಎಂದೇ ಕರೆಯುತ್ತಾರೆ. ಪರ್ಷಿಯನ್‌ನಲ್ಲೂ ಬರೆದ ಪಂಡಿತ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಖೋವಾರ್‌ನ ಪ್ರೇಮಗೀತೆ 'ಯಾರ್ಮನ್ ಹಮೀನ್'. ಇವನು ಮನಸೋತ ಹೆಣ್ಣು ಆಗಲೇ ಇನ್ನೊಬ್ಬನ ಹೆಂಡತಿ ಎಂದು ಐತಿಹ್ಯ ಹೇಳುತ್ತದೆ. ಹಿಪ್ಪುನೇರಳೆ ಮರದಲ್ಲಿ ಕೊರೆದ, ನೀಳ ಕತ್ತಿನ ಸಿತಾರ್ ಅಲ್ಲಿಯದು. ನಮ್ಮ ಕಛೇರಿಗಳಲ್ಲಿ ನೋಡುವ ಸಿತಾರ್‌ನಷ್ಟು ಗಾತ್ರದ್ದಲ್ಲ. ಚಳಿಗಾಲದ ರಾತ್ರಿ ಒಬ್ಬ ಅದನ್ನು ಮೀಟುತ್ತಾನೆ, ಪಕ್ಕದವನು ತಗಡಿನ ಡಬ್ಬ ಬಡಿದು ತಾಳ ಹಾಕುತ್ತಾನೆ, ಉಣ್ಣೆ ಟೋಪಿ ತೊಟ್ಟ ಗಂಡಸರು ಸುತ್ತ ಕೂತು ಸಿಯಾರ್‌ನ ಸಾಲುಗಳಿಗೆ ದನಿಗೂಡಿಸುತ್ತಾರೆ.